ರೊಕ್ಕ ಎಷ್ಟು ಬೇಕು, ಅದನ್ನಾದರೂ ಹೇಳಲಿ

ಸಂಪಾದಕರಿಗೆ ನಮಸ್ಕಾರ.

ನಾನು ಹಳೆ ಪಿಂಚಣಿಯ ಮಾಸ್ತರ. ಮಗಳು 2008ರಲ್ಲಿ ಸೇರಿದ ಟೀಚರ್, ಅವಳಿಗೆ ಎನ್‌ಪಿಎಸ್, ಅಂದರೆ ಸಂಬಳದಿಂದ ಕಟ್ಟಿ ಕೂಡಿಸಿದ ರೊಕ್ಕದಿಂದ ಬರುವ ಹೊಸ ಪಿಂಚಣಿ. ಹಾಗಾಗಿ ಎಲ್ಲರಿಗೂ ಹಳೆ ಪಿಂಚಣಿ ಬೇಕೆಂಬ ಈ ಜಗಳ ನಮ್ಮ ಊಟದ ಹೊತ್ತಿನದ್ದೂ ಹೌದು.

ಮೊನ್ನೆ ನಮ್ಮ ಭಾಗದ ಮುಖಂಡರೊಬ್ಬರು ಸಭೆಗೆ ಬಂದಿದ್ದರು. ಶಿಕ್ಷಕರು ಹಳೆ ಪಿಂಚಣಿ ಕೇಳಿದರು. "ರೊಕ್ಕ ಎಲ್ಲಿಂದ ತರಬೇಕ್ರಿ?" ಎಂದರು. "ಎಷ್ಟು ಬೇಕಾಗ್ತದ್ರಿ ಸಾಹೇಬ್ರ?" ಎಂದು ಒಬ್ಬರು ಕೇಳಿದರು. ಮತ್ತೆ ಅದೇ ಮಾತು. ಮೂರನೇ ಸಲವೂ ಅದೇ. ಅಧಿಕಾರ ಇಲ್ಲದಾಗ ಕೊಡಿಸಿಯೇ ತೀರುತ್ತೇವೆ ಎಂದು ಇಷ್ಟೇ ಹಠದಿಂದ ಹೇಳಿದವರೂ ಇವರೇ.

2023ರ ಚುನಾವಣೆಗೆ ಕಾಂಗ್ರೆಸ್ ಪ್ರಣಾಳಿಕೆಯಲ್ಲಿ ಇದನ್ನು ಸಹಾನುಭೂತಿಯಿಂದ ಪರಿಶೀಲಿಸುವುದಾಗಿ ಬರೆದಿತ್ತು. ಪರಿಶೀಲನೆ ಎಂಬ ಪದದ ಆಯಸ್ಸು ಎಷ್ಟೆಂದು ಸರ್ಕಾರಿ ನೌಕರಿ ಮಾಡಿದವರಿಗೆ ಗೊತ್ತು! 2024ರ ಜನವರಿಯಲ್ಲಿ ಸುಮಾರು 13,000 ಮಂದಿಗೆ ಹಳೆ ಪಿಂಚಣಿ ಸಿಕ್ಕಿತು, ನಿಜ. ಅವರ ನೇಮಕಾತಿ ಅಧಿಸೂಚನೆ, ರಾಜ್ಯದಲ್ಲಿ ಎನ್‌ಪಿಎಸ್ ಶುರುವಾದ 2006ರ ಏಪ್ರಿಲ್ 1ಕ್ಕಿಂತ ಮೊದಲೇ ಹೊರಬಿದ್ದಿತ್ತು. ಉಳಿದವರು ಕಾಯುತ್ತಿದ್ದಾರೆ.

ಮಗಳ ಖಾತೆಯಲ್ಲಿ ಕೊನೆಗೆ 50 ಲಕ್ಷ ಕೂಡಿತು ಅಂತಿಟ್ಟುಕೊಳ್ಳಿ. ಅದರಲ್ಲಿ ಶೇ 40, ಅಂದರೆ 20 ಲಕ್ಷ, ಆನ್ಯುಟಿಗೆ, ಅಂದರೆ ತಿಂಗಳು ತಿಂಗಳು ಪಿಂಚಣಿ ಕೊಡುವ ವಿಮಾ ಯೋಜನೆಗೆ, ಹಾಕಲೇಬೇಕು. ಅದಕ್ಕೆ ವರ್ಷಕ್ಕೆ ಶೇ 6 ಸಿಕ್ಕರೆ ತಿಂಗಳಿಗೆ 10,000 ರೂಪಾಯಿ. ತುಟ್ಟಿಭತ್ಯೆ ಏರಿದಾಗ ನನ್ನ ಪಿಂಚಣಿ ಏರುತ್ತದೆ, ಅವಳದ್ದು ಇದ್ದಲ್ಲೇ ಇರುತ್ತದೆ.

ರೊಕ್ಕದ ಮಾತು ಸುಳ್ಳು ಎನ್ನುತ್ತಿಲ್ಲ. ನನ್ನ ಪಿಂಚಣಿಗೆ ನಾನು ಸಂಬಳದಿಂದ ಒಂದು ಪೈಸೆ ಕಟ್ಟಲಿಲ್ಲ. ಈಗಿನವರ ತೆರಿಗೆಯಲ್ಲೇ ಅದು ಬರುತ್ತಿದೆ. ಅದಕ್ಕೇ ಕೇಂದ್ರದ ಏಕೀಕೃತ ಪಿಂಚಣಿಯಂಥದ್ದನ್ನಾದರೂ ಕೂತು ಮಾತಾಡಬಹುದಲ್ವಾ? 2025ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನೌಕರ ಶೇ 10 ಕಟ್ಟುತ್ತಾನೆ. 25 ವರ್ಷ ದುಡಿದರೆ ಕೊನೆಯ 12 ತಿಂಗಳ ಮೂಲವೇತನದ ಸರಾಸರಿಯಲ್ಲಿ ಅರ್ಧ ಖಾತ್ರಿ. ಮುಖಂಡರಿಗೆ ಅದೂ ಬೇಡ, ಇದೂ ಬೇಡ. ಅದೇ 2025ರ ಮಾರ್ಚ್‌ನಲ್ಲಿ ಶಾಸಕರ ಸಂಬಳ 40,000ದಿಂದ 80,000ಕ್ಕೆ ಏರಿತು. ಗದ್ದಲದ ನಡುವೆ, ಚರ್ಚೆ ಇಲ್ಲದೆ. ಆ ದಿನ ರೊಕ್ಕದ ಪ್ರಶ್ನೆ ಯಾರಿಗೂ ನೆನಪಾದಂತಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರು ನೀರಿಗಾಗಿ ರಸ್ತೆಗೆ ಇಳಿದರೆ, ಇಂಜಿನಿಯರ್ ಗೇಜ್ ಓದಿ ಇಷ್ಟು ಅಡಿ ಇದೆ ಎಂದಾದರೂ ಹೇಳುತ್ತಾರೆ. ನಮ್ಮ ಮುಖಂಡರು ಅಷ್ಟನ್ನಾದರೂ ಹೇಳಲಿ. ನನ್ನ ಮಗಳು ನಿವೃತ್ತಿಯಾಗುವುದು 2036ರಲ್ಲಿ. ಆ ವರ್ಷ ಹಳೆ ಪಿಂಚಣಿ ಕೊಟ್ಟರೆ ಬೊಕ್ಕಸಕ್ಕೆ ಎಷ್ಟು ಕೋಟಿ ಬೀಳುತ್ತದೆ?

– ನಿವೃತ್ತ ಮುಖ್ಯ ಶಿಕ್ಷಕ, ಮಾನ್ವಿ, ರಾಯಚೂರು ಜಿಲ್ಲೆ