ಎಂಡಿಎಫ್ ಹಲಗೆಗೆ ಬಣ್ಣ: ಮೊದ್ಲು ಅಂಚು ನೋಡಿ

ಸಂಪಾದಕರಿಗೆ ನಮಸ್ಕಾರ,

ಮನೆಯಲ್ಲೇ ಮಾಡ್ಕೊಳ್ಳೋ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಫರ್ನಿಚರ್ ಬಗ್ಗೆ ಪೇಪರಲ್ಲಿ ಬರೀತಾರೆ, ಫೋಟೋನೂ ಚೆನ್ನಾಗಿರ್ತವೆ, ಆದ್ರೆ ನಮ್ಮಂಥ ಮಳೆ ಊರಲ್ಲಿ ಅದಕ್ಕೆ ಬಣ್ಣ ಹೊಡೆಯೋದು ಹೇಗೆ ಅಂತ ನಾನು ಎಲ್ಲೂ ಓದ್ಲಿಲ್ಲ, ಅದಕ್ಕೇ ಈ ಪತ್ರ.

ನಾನು ತೀರ್ಥಹಳ್ಳಿ ಕಡೆಯವನು. ಹೋದ ವರ್ಷ ಮಗಳಿಗೆ ಪುಸ್ತಕದ ಕಪಾಟು ಮಾಡ್ದೆ, 18 ಎಂಎಂ ಹಲಗೆ, ಅಂಗಡೀಲೇ ಕಟ್ ಮಾಡಿಸಿ ತಂದಿದ್ದು. ಪುನರ್ವಸು ಮಳೆ ಹೊಯ್ತಾ ಇತ್ತು, ಮನೇಲಿ ಉಳಿದಿದ್ದ ನೀರಿನ ಪೇಂಟನ್ನೇ ನೇರ ಬಳಿದೆ. ಬೆಳಿಗ್ಗೆ ನೋಡಿದ್ರೆ ಅಂಚೆಲ್ಲ ನೆನೆದ ರಟ್ಟಿನ ಹಾಗೆ ಉಬ್ಬಿ, ಮುಟ್ಟಿದ್ರೆ ತರಿತರಿ. ಬಂದವರೆಲ್ಲ 'ಇದು ಮಲೆನಾಡಿಗೆ ಆಗೋ ವಸ್ತು ಅಲ್ಲ ಮಾರಾಯಾ, ಹಲಸಿನ ಹಲಗೆ ತರ್ಬೇಕಿತ್ತು' ಅಂದ್ರು.

ಹಲಗೆಯದ್ದಲ್ಲ ತಪ್ಪು, ಅಂಚನ್ನ ಹಾಗೇ ಬಿಟ್ಟಿದ್ದು ತಪ್ಪು. ಎಂಡಿಎಫ್ ಅಂದ್ರೆ ಮರದ ನಾರಿಗೆ ಅಂಟು ಸೇರಿಸಿ ಬಿಸಿಯಲ್ಲಿ ಒತ್ತಿದ್ದು, ಮೇಲ್ಮೈ ಗಟ್ಟಿ, ನಡು ಸಡಿಲ. ಕೊಯ್ದ ಕಡೆ ಆ ಸಡಿಲ ನಡುವೇ ಹೊರಗೆ ಬರ್ತದೆ, ಎಷ್ಟು ಬಳಿದ್ರೂ ಕುಡೀತದೆ, ನೀರು ತಾಗಿದ್ರೆ ನಾರು ಎದ್ದು ನಿಲ್ತದೆ.

ಎರಡನೇ ಸಲ ಊರಿನ ಒಬ್ಬ ಹಳೇ ಪೇಂಟರ್ ಹತ್ರ ಕೂತು ಕೇಳ್ಕೊಂಡು ಮಾಡ್ದೆ. ಉಬ್ಬಿದ್ದನ್ನ ಒಣಗಿಸಿ 180 ನಂಬರಿನ ಉಪ್ಪು ಕಾಗದದಲ್ಲಿ (ನಂಬರ್ ಹೆಚ್ಚಿದಷ್ಟೂ ನಯ) ಉಜ್ಜಿ, ಅಂಚಿಗೆ ವುಡ್ ಪುಟ್ಟಿಯನ್ನ ತೆಳ್ಳಗೆ ಬೆರಳಲ್ಲೇ ತಿಕ್ಕಿ ತುಂಬಿಸಿ, ಒಣಗಿದ ಮೇಲೆ 220ರಲ್ಲಿ ಉಜ್ಜಿದೆ, ಚೂಪು ಮೂಲೆಯನ್ನ ಉಜ್ಜಿ ಚೂರು ದುಂಡಗೆ ಮಾಡ್ದೆ, ಯಾಕಂದ್ರೆ ಚೂಪಿದ್ದಲ್ಲಿ ಬಣ್ಣ ನಿಲ್ಲಲ್ಲ. ಆಮೇಲೆ ಆಯಿಲ್ ಪ್ರೈಮರ್ (ಬಣ್ಣಕ್ಕೆ ಮುಂಚೆ ಬಳಿಯೋ ತಳದ ಕೋಟ್), ನೀರಿನದ್ದಲ್ಲ. ಅಂಚಿಗೆ ಒಂದು ಕೋಟ್ ಜಾಸ್ತಿ. ಹಿಂಬದಿ, ಅಡಿ, ಗೋಡೆ ಕಡೆಗೆ ಹೋಗೋ ಭಾಗ ಎಲ್ಲದಕ್ಕೂ ಬಳೀಬೇಕು, ಒಂದೇ ಕಡೆ ಬಳಿದ್ರೆ ಇನ್ನೊಂದು ಕಡೆ ಥಂಡಿ ಎಳ್ಕೊಂಡು ಹಲಗೆ ಬಾಗ್ತದೆ. ಬಣ್ಣ ಎನಾಮೆಲ್, ಲೀಟರಿಗೆ 50ರಿಂದ 100 ಮಿಲಿ ಟರ್ಪಂಟೈನ್, ಸಣ್ಣ ಫೋಮ್ ರೋಲರಲ್ಲಿ ತೆಳ್ಳಗೆ ಹರಡಿ ಕೂಡಲೇ ಒಳ್ಳೆ ಬ್ರಷ್ಷಿನ ತುದಿಯಲ್ಲಿ ಒಂದೇ ದಿಕ್ಕಿಗೆ ಹಗುರ ಎಳೀಬೇಕು, ಎಳೆದಾದ ಮೇಲೆ ಮತ್ತೆ ಕೈ ಹಾಕಬಾರ್ದು. ಇಂಥ ಮೂರು ಕೋಟ್, ನಡುನಡುವೆ 320ರ ಉಪ್ಪು ಕಾಗದ, ಕೊನೇ ಕೋಟಿಗೆ ಮುಂಚೆ 400ರದ್ದು. ರಾತ್ರಿ ದೀಪ ಆರಿಸಿ ಟಾರ್ಚನ್ನ ಅಡ್ಡ ಹಿಡಿದು ನೋಡಿ, ಹಗಲು ಕಾಣದ ಗೀರೆಲ್ಲ ಕಾಣ್ತವೆ.

ಉಜ್ಜೋವಾಗ ಒಳ್ಳೆ ಮಾಸ್ಕ್ ಹಾಕಿ, ಮಕ್ಕಳನ್ನ ಹತ್ರ ಬಿಡ್ಬೇಡಿ. ಮರದ ದೂಳು ಕ್ಯಾನ್ಸರ್ ತರ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 1995ರಲ್ಲೇ ಹೇಳಿದೆ, ಎಂಡಿಎಫ್ ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಅನ್ನೋ ಹಾನಿಕರ ರಾಸಾಯನಿಕ ಬೇರೆ ಇರ್ತದೆ.

ಇನ್ನು ಮಳೆ. ಡಬ್ಬದ ಮೇಲೆ ಬರೆದ ಒಣಗೋ ಟೈಮನ್ನ ಜುಲೈ ತಿಂಗಳಲ್ಲಿ ನಂಬಬೇಡಿ, ವರ್ಷಕ್ಕೆ 7000 ಮಿಮೀ ದಾಟೋ ಆಗುಂಬೆ ಪಕ್ಕದಲ್ಲಿರೋ ನಮ್ಗೆ ಆ ಲೆಕ್ಕ ಹೊಂದಲ್ಲ. ಬೆರಳಿಗೆ ಒಣಗಿದ ಹಾಗೆ ಕಂಡ್ರೂ ಒಳಗೆ ಮೆತ್ತಗೇ ಇರ್ತದೆ, ಪುಸ್ತಕ ಇಟ್ರೆ ರಟ್ಟು ಅಂಟ್ಕೊಂಡು ಬಣ್ಣ ಕಿತ್ತು ಬರ್ತದೆ. ಬೇಗ ಒಣಗ್ಲಿ ಅಂತ ಬಚ್ಚಲು ಒಲೆ ಹತ್ರ ಇಡೋರಿದ್ದಾರೆ, ದಯವಿಟ್ಟು ಬೇಡ, ಟರ್ಪಂಟೈನ್ ಆವಿಗೆ ಬೆಂಕಿ ಹತ್ತಿದ್ರೆ ಮನೆಯೇ ಹೋಗ್ತದೆ. ಅಡಿಕೆ ಕೊಯ್ಲು ಮುಗಿದ ಮೇಲೆ, ಫೆಬ್ರವರಿ ಮಾರ್ಚಲ್ಲಿ ಮಾಡಿ. ನಾನು ಕೊನೇ ಕೋಟ್ ಹೊಡೆದಿದ್ದು ಆಗ್ಲೇ, ಮೂರು ವಾರ ಕಪಾಟು ಖಾಲಿ ಬಿಟ್ಟೆ. ಈ ಮಳೆಗಾಲ ಅಂಚು ಉಬ್ಬಿಲ್ಲ, ಪುಸ್ತಕ ಅಂಟಿಲ್ಲ.

ಇಂಥ ಕೆಲಸದ ವಿಷಯ ಮುಂದೆ ಹಾಕೋವಾಗ ಮಲೆನಾಡಿನ ಪೇಂಟರುಗಳನ್ನೂ ಒಂದ್ಸಲ ಮಾತಾಡಿಸಿ, ಮಳೆಗಾಲದಲ್ಲಿ ಎಷ್ಟು ದಿನ ಕಾಯ್ಬೇಕು ಅನ್ನೋದನ್ನ ಸೇರಿಸಿ ಅಂತ ಕೇಳ್ಕೊಳ್ತೀನಿ.

ಇಂತಿ,
ನಿಮ್ಮ ಓದುಗ, ತೀರ್ಥಹಳ್ಳಿ ತಾಲ್ಲೂಕು