ಮತ್ತೆ ಗಾದಿ ಮೇಲೆ ಕೂಡಿಸಿದವರಿಗೆ

ಬ್ಯಾಡಗಿಯ ಮೆಣಸಿನಕಾಯಿ ಸೀಸನ್ ಈ ವರ್ಷದ ಮಟ್ಟಿಗೆ ಮುಗಿಯುತ್ತಾ ಬಂತು. ದಲಾಲಿ ಅಂಗಡಿಯ ಗಾದಿ ಮೇಲೆ ಕೂತು ಲೆಕ್ಕ ಬರೆದವನು ನಾನೇ. ಗುಮಾಸ್ತ ಕೂತು ಲೆಕ್ಕ ಬರೆದರೆ ಅದೇನು ದೊಡ್ಡ ಸುದ್ದಿ ಅನ್ನಬಹುದು. ಹೋದ ಸೀಸನ್ ಪೂರ್ತಿ ನಾನು ನಿಂತೇ ಬರೆದಿದ್ದೆ. ಕೂರಲು ಆಗುತ್ತಿರಲಿಲ್ಲ. ಈಗ ಆಗುತ್ತಿದೆ. ಅದಕ್ಕೆ ಕಾರಣರಾದ ನಾಲ್ಕಾರು ಜನರಿಗೆ ಬಾಯಿಬಿಟ್ಟು ಧನ್ಯವಾದ ಹೇಳಬೇಕು.

ಕಾಯಿಲೆ ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ. ಮಾರುಕಟ್ಟೆಯಲ್ಲಿ ಮೂಲವ್ಯಾಧಿ ಅಂತ ಸುದ್ದಿಯಾಗಿತ್ತು. ಅದಲ್ಲ. ವೃಷಣಕ್ಕೂ ಗುದದ್ವಾರಕ್ಕೂ ನಡುವಿನ ಜಾಗದಲ್ಲಿ ನೋವು. ಕೂತರೆ ಜಾಸ್ತಿ, ನಿಂತರೆ ಕಡಿಮೆ, ಮಲಗಿದರೆ ಇನ್ನೂ ಕಡಿಮೆ. ಮೂತ್ರಕ್ಕೆ ಹೋಗಿ ಬಂದ ತಕ್ಷಣ ಮತ್ತೆ ಹೋಗಬೇಕು ಅನ್ನಿಸುತ್ತಿತ್ತು. ಗಂಡ ಹೆಂಡತಿ ಕೂಡಿದರೆ ಮರುದಿನವೆಲ್ಲ ಸಂಕಟ. ಇದನ್ನು ಬರೆಯಲು ಸಂಕೋಚ ಇದೆ. ಆದರೆ ಸುಮ್ನೆ ಸೊಂಟನೋವು ಅಂತ ಬರೆದರೆ, ಇದೇ ನೋವಿರುವ ಇನ್ನೊಬ್ಬನಿಗೆ ಇದು ತನ್ನದೇ ಕತೆ ಅಂತ ಗೊತ್ತಾಗುವುದೇ ಇಲ್ಲ, ಅಲ್ವಾ?

ನಮ್ಮ ಕಡೆ ಇದಕ್ಕೆ ಸಿಗುವ ಮೊದಲ ಉತ್ತರ, "ಉಷ್ಣ ಆಗೈತಿ". ದಿನವಿಡೀ ಮೆಣಸಿನಕಾಯಿ ಘಾಟಿನಲ್ಲಿ ಇರುವವನಿಗೆ ಇನ್ನೇನು ಹೇಳುತ್ತಾರೆ? ಕಾಮಕಸ್ತೂರಿ ಬೀಜ, ಎಳನೀರು, ಮಜ್ಜಿಗೆ ಎಲ್ಲ ಆಯಿತು. ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದಿದ್ದೇ ಬಣ್ಣದಿಂದ, ಖಾರದಿಂದ ಅಲ್ಲ. ಪಾಪ, ಅದರ ಮೇಲೆ ಇಲ್ಲದ ಅಪವಾದ.

ದವಾಖಾನೆಗಳಲ್ಲಿ ಪ್ರಾಸ್ಟೇಟ್, ಅಂದರೆ ಗಂಡಸರಿಗೆ ಮೂತ್ರಕೋಶದ ಕೆಳಗಿರುವ ಗ್ರಂಥಿಯ ಸೋಂಕು ಅಂದರು. ಒಂದು ಆಂಟಿಬಯಾಟಿಕ್ ಮುಗಿದರೆ ಇನ್ನೊಂದು. ಮೂತ್ರದ ಕಲ್ಚರ್ ಪರೀಕ್ಷೆಯಲ್ಲಿ ಯಾವ ಬ್ಯಾಕ್ಟೀರಿಯಾವೂ ಬೆಳೆಯಲಿಲ್ಲ. ಸ್ಕ್ಯಾನಿಂಗ್ ನಾರ್ಮಲ್. ಕಡೆಗೆ ಒಬ್ಬರು "ನಿಮಗೆ ಏನೂ ಆಗಿಲ್ಲ" ಅಂದುಬಿಟ್ಟರು. ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ ಅಂದಿದ್ದರೆ ಒಪ್ಪುತ್ತಿದ್ದೆ. ಏನೂ ಆಗಿಲ್ಲ ಅನ್ನುವುದು ಬೇರೆ ಮಾತು.

ಹಾಗಾಗಿ ಮೊದಲ ಧನ್ಯವಾದ ಹುಬ್ಬಳ್ಳಿಯ ಯುರಾಲಜಿ ಡಾಕ್ಟರಿಗೆ. ಅವರು ಹಳೆಯ ಫೈಲ್ ಪೂರ್ತಿ ಓದಿದರು. ಆಮೇಲೆ ಪ್ರಾಸ್ಟೇಟ್ ತೊಂದರೆಯಲ್ಲಿ ನಾಲ್ಕು ವಿಧ ಇವೆ ಅಂತ ವಿವರಿಸಿದರು. ಬ್ಯಾಕ್ಟೀರಿಯಾದಿಂದ ಬರುವುದು ಕಡಿಮೆ ಜನರಿಗೆ. ಹೆಚ್ಚಿನವರದು ಮೂರನೆಯ ವಿಧ. ಅದರ ಹೆಸರಲ್ಲೇ ದೀರ್ಘಕಾಲದ ಪೆಲ್ವಿಕ್ ನೋವು, ಅಂದರೆ ಕೆಳಹೊಟ್ಟೆ ಸೊಂಟದ ಒಳಭಾಗದ ನೋವು ಅಂತ ಇದೆ. ಅಲ್ಲಿ ಸೋಂಕು ಸಿಗುವುದಿಲ್ಲ, ಎಷ್ಟೋ ಸಲ ಗ್ರಂಥಿಯದೇ ತಪ್ಪು ಅಂತಲೂ ಹೇಳಲು ಬರುವುದಿಲ್ಲ. ಇಷ್ಟು ಹೇಳಿ ಆಂಟಿಬಯಾಟಿಕ್ ನಿಲ್ಲಿಸಿದರು. "ನೋವು ನಿಜ. ಸ್ನಾಯುಗಳನ್ನು ಒಮ್ಮೆ ತೋರಿಸಿ" ಅಂತ ಫಿಜಿಯೋಥೆರಪಿಗೆ ಚೀಟಿ ಬರೆದುಕೊಟ್ಟರು. ಆ ಎರಡು ಶಬ್ದ, ನೋವು ನಿಜ, ನನಗೆ ಅರ್ಧ ಔಷಧಿ.

ಫಿಜಿಯೋಥೆರಪಿ ಮೇಡಂ ಹತ್ತಿರ ಹೋದರೆ ಕಾಯುವ ಬೆಂಚಿನ ತುಂಬ ಬಾಣಂತಿಯರು, ವಯಸ್ಸಾದ ಅಮ್ಮಂದಿರು. ಗಂಡಸು ನಾನೊಬ್ಬನೇ. ಒಬ್ಬ ಅಜ್ಜಿ "ಮಗಳನ್ನ ಕರಕೊಂಡ ಬಂದೀರೇನು?" ಅಂತ ಕೇಳಿದರು. ಹೂಂ ಅಂದೆ.

ಪರೀಕ್ಷೆ ಹೇಗೆ ಮಾಡುತ್ತೇನೆ ಅಂತ ಮೇಡಂ ಮೊದಲೇ ಹೇಳಿದರು. ಒಪ್ಪಿಗೆ ಕೇಳಿದರು, ಬೇಡ ಅನ್ನಿಸಿದ ಕ್ಷಣ ನಿಲ್ಲಿಸುತ್ತೇನೆ ಅಂದರು. ಗುದದ್ವಾರದ ಮೂಲಕ, ಗ್ಲೌಸ್ ಹಾಕಿದ ಬೆರಳಿನಿಂದ ಒಳಗಿನ ಸ್ನಾಯುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಎಡಗಡೆ ಒಂದು ಜಾಗ ಒತ್ತಿದ ಕೂಡಲೇ ಅದೇ ನೋವು, ಅದೇ ಉರಿ, ಮೂತ್ರದ ದಾರಿಯ ತುದಿಯವರೆಗೆ. "ಇದೇನಾ?" ಅಂದರು. ಕಣ್ಣಲ್ಲಿ ನೀರು ಬಂತು. ನೋವಿಗಲ್ಲ. ಒಬ್ಬರ ಬೆರಳಿಗಾದರೂ ಸಿಕ್ಕಿತಲ್ಲ ಅಂತ.

ಆಮೇಲೆ ಮೂಳೆಗಳ ಮಾದರಿ ಇಟ್ಟುಕೊಂಡು ತೋರಿಸಿದರು. ಮುಂದಿನ ಪ್ಯೂಬಿಕ್ ಮೂಳೆಯಿಂದ ಹಿಂದಿನ ಬಾಲದ ಮೂಳೆವರೆಗೆ ಸ್ನಾಯುಗಳು ಜೋಲಿಯ ಹಾಗೆ ಹರಡಿವೆ. ಮೂತ್ರಕೋಶ, ಕರುಳಿನ ಕೊನೆ ಅದರ ಮೇಲೆ ಕೂತಿವೆ. ಈ ಸ್ನಾಯುಗಳು ಸಡಿಲ ಆಗುವುದನ್ನು ಮರೆತರೆ ಅಲ್ಲಲ್ಲಿ ಗಂಟು ಬಿಗಿದು, ನೋವನ್ನು ಬೇರೆ ಕಡೆ ಕಳಿಸುತ್ತವೆ. ಪಕ್ಕದಲ್ಲಿ ಆಬ್ಟ್ಯುರೇಟರ್ ಇಂಟರ್ನಸ್ ಅನ್ನುವ ಸ್ನಾಯು ಇದೆ. ಆ ಭಾಗಕ್ಕೆಲ್ಲ ಸಂವೇದನೆ ಕೊಡುವ ಪುಡೆಂಡಲ್ ನರ ಅದನ್ನು ತಾಗಿಕೊಂಡೇ ಹೋಗುತ್ತದೆ. ಗಂಟೆಗಟ್ಟಲೆ ಕೂರುವುದು, ಮೂತ್ರ ತಡೆದು ಹಿಡಿಯುವುದು, ಮಲಬದ್ಧತೆಯಲ್ಲಿ ತಿಣುಕುವುದು, ಚಿಂತೆಯಲ್ಲಿ ಕೆಳಹೊಟ್ಟೆ ಬಿಗಿಹಿಡಿಯುವುದು ಎಲ್ಲವೂ ಬಿಗಿತ ಹೆಚ್ಚಿಸಬಹುದಂತೆ. ಸೀಸನ್‌ನಲ್ಲಿ ಗುಮಾಸ್ತನ ದಿನಚರಿಯೇ ಇದು!

ಗೆಳೆಯರು ಹೇಳಿಕೊಟ್ಟಿದ್ದ, ಇದೇ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಕೆಗಲ್ ವ್ಯಾಯಾಮವನ್ನು ಮೇಡಂ ಅಲ್ಲೇ ನಿಲ್ಲಿಸಿದರು. ಆರ್ನಾಲ್ಡ್ ಕೆಗಲ್ 1948ರಲ್ಲಿ ಅದರ ಬಗ್ಗೆ ಬರೆದಿದ್ದು ಹೆರಿಗೆಯ ನಂತರ ಸ್ನಾಯು ಸಡಿಲಾದ ಹೆಂಗಸರಿಗಾಗಿ. ಮೊದಲೇ ಬಿಗಿದಿರುವುದನ್ನು ಇನ್ನೂ ಬಿಗಿದರೆ ನೋವು ಹೆಚ್ಚಬಹುದು. ನನಗೆ ಕೊಟ್ಟ ಪಾಠ ಉಲ್ಟಾ. ಹೊಟ್ಟೆ ಉಬ್ಬುವ ಹಾಗೆ ಉಸಿರು ಎಳೆದುಕೊಳ್ಳಬೇಕು. ಎದೆ ಹೊಟ್ಟೆ ನಡುವಿನ ವಪೆ ಅನ್ನುವ ಸ್ನಾಯು ಕೆಳಗಿಳಿದಾಗ ಜೊತೆಗೆ ಆ ಸ್ನಾಯುಗಳೂ ಇಳಿದು ಸಡಿಲ ಆಗುತ್ತವೆ. ಕೇಳಲು ಸುಲಭ. ಹೊಟ್ಟೆ ಒಳಗೆಳೆದುಕೊಂಡೇ ಬದುಕಿದವನಿಗೆ ಇದು ಬರಲು ವಾರಗಳೇ ಬೇಕಾದವು. ಜೊತೆಗೆ ತೊಡೆ, ಸೊಂಟದ ಸ್ಟ್ರೆಚಿಂಗ್, ಟಬ್‌ನಲ್ಲಿ ಬಿಸಿನೀರು, ಒಳಗಿನ ಗಂಟುಗಳನ್ನು ಮೆಲ್ಲಗೆ ಒತ್ತಿ ಬಿಡಿಸುವ ಚಿಕಿತ್ಸೆ. ನರದ ನೋವಿಗೆ ಡಾಕ್ಟರು ಕಡಿಮೆ ಪ್ರಮಾಣದ ಒಂದು ಮಾತ್ರೆ ಕೊಟ್ಟಿದ್ದರು.

ನೋವು ಪೂರ್ತಿ ಹೋಗಿಲ್ಲ. ಪ್ರಯಾಣ ಜಾಸ್ತಿಯಾದರೆ ತಲೆ ಎತ್ತುತ್ತದೆ. ಈಗ ಹೆದರಿಕೆ ಇಲ್ಲ ಅಷ್ಟೇ.

ಸಾಹುಕಾರರಿಗೆ ಧನ್ಯವಾದ. ಕಾರಣ ಕೇಳದೆ ಎತ್ತರದ ಟೇಬಲ್ ಮಾಡಿಸಿಕೊಟ್ಟರು. ಕೆಲಸ ತೆಗೆಯುತ್ತಾರೆ ಅಂದುಕೊಂಡಿದ್ದೆ. ಹಾವೇರಿಯಿಂದ ಹುಬ್ಬಳ್ಳಿವರೆಗೆ, ಖಾಲಿ ಸೀಟಿದ್ದರೂ ನಿಂತೇ ಬರುತ್ತಿದ್ದ ನನ್ನನ್ನು ಒಂದು ಮಾತೂ ಕೇಳದ ಬಸ್ ಕಂಡಕ್ಟರಿಗೆ ಧನ್ಯವಾದ. ಹಮಾಲಿ ಗೆಳೆಯರಿಗಂತೂ ಏನು ಹೇಳಲಿ, ಚೀಲಗಳ ಲೆಕ್ಕವನ್ನು ನಾನಿದ್ದಲ್ಲಿಗೇ ಬಂದು ಒಪ್ಪಿಸಿದರು. ಹೆಂಡತಿಗೆ ಇಲ್ಲಿ ಬರೆಯುವುದಿಲ್ಲ. ಅವಳಿಗೆ ಮನೆಯಲ್ಲೇ ಹೇಳಿದ್ದೇನೆ, "ಇಷ್ಟು ತಡಾನಾ?" ಅಂತ ಬೈಸಿಕೊಂಡೂ ಆಗಿದೆ.

ಟೇಬಲ್ ನೋಡಿದ ಮೇಲೆ ಮಾರುಕಟ್ಟೆಯ ಕೆಲವರು ಬದಿಗೆ ಕರೆದು ತಮ್ಮದೂ ಇದೇ ಅಂತ ಹೇಳಿಕೊಂಡರು. ಎಲ್ಲರದೂ ಸ್ನಾಯುವಿನದೇ ಇರಬೇಕೆಂದಿಲ್ಲ. ಮೂತ್ರದಲ್ಲಿ ರಕ್ತ, ಜ್ವರ, ಮೂತ್ರ ಕಟ್ಟುವುದು ಇದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಪರೀಕ್ಷೆಗಳೆಲ್ಲ ಮುಗಿದು ಏನೂ ಕಾಣದಿದ್ದರೆ, ಸ್ನಾಯುಗಳನ್ನು ನೋಡುತ್ತೀರಾ ಅಂತ ಬಾಯಿಬಿಟ್ಟು ಕೇಳಿ. ಸಂಕೋಚ ಆದರೆ ನನ್ನ ಹತ್ತಿರ ಬನ್ನಿ, ಚಹಾ ಕುಡಿಯುತ್ತಾ ಮಾತಾಡೋಣ. ಸೋಮವಾರ, ಗುರುವಾರ ಮಾತ್ರ ಬೇಡ. ಅವತ್ತು ಟೆಂಡರ್, ಉಸಿರಾಡಲೂ ಪುರುಸೊತ್ತಿರುವುದಿಲ್ಲ.