ಕಪ್ ಬಂತು ಮೇಷ್ಟ್ರೇ, ಈಗ ಕೋಚ್ ಹೋಗ್ತಾನಂತೆ

ಕ್ಯಾಂಟನ್, ಮಿಶಿಗನ್
17 ಜನವರಿ 2024

ಪ್ರೀತಿಯ ಮೇಷ್ಟ್ರೇ,

ಈ ಕಾಗದವನ್ನ ಎಲ್ಲರೂ ಓದೋ ಹಾಗೆ ಹಾಕ್ತಿದ್ದೀನಿ, ಬೈಕೋಬೇಡ. ಫೋನಲ್ಲಿ ಹೇಳೋಣ ಅಂದ್ರೆ ನೀನು ಎರಡನೇ ಮಾತಿಗೇ "ಅದಿರ್ಲಿ, ಅಲ್ಲಿ ಚಳಿ ಹೇಗಿದೆ" ಅಂತೀಯ. ನಾಲ್ಕು ಜನ ನೋಡ್ತಿದ್ರೆ ಮಾತ್ರ ಮರ್ಯಾದೆಯಿಂದ ಕೊನೇವರೆಗೂ ಕೇಳೋನು ನೀನು. ಚಳಿ ಹೇಗಿದೆ ಅಂದ್ರೆ, ಬೆಳಗ್ಗೆ ಕಾರಿನ ಬಾಗಿಲು ನಾಲ್ಕೂ ಹೆಪ್ಪುಗಟ್ಟಿ ಅಂಟ್ಕೊಂಡು, ಡಿಕ್ಕಿಯಿಂದ ಒಳಗೆ ನುಸುಳಿದೆ. ಈ ವಯಸ್ಸಲ್ಲಿ, ಈ ಹೊಟ್ಟೆ ಇಟ್ಕೊಂಡು. ಚಳಿ ಪ್ರಶ್ನೆ ಮುಗೀತು.

ವಿಷಯ ಏನಂದ್ರೆ, ನಾವು ಕಪ್ ಗೆದ್ವಿ. ನಗಬೇಡ. ಆರ್‌ಸಿಬಿ ಅಲ್ಲ. 16 ಸೀಸನ್ "ಈ ಸಲ ಕಪ್ ನಮ್ದೇ" ಅಂತ ಅರಚಿದವನಿಗೆ ಗೆದ್ದ ಮೇಲೆ ಏನು ಮಾಡ್ಬೇಕು ಅನ್ನೋದೇ ಗೊತ್ತಿರಲಿಲ್ಲ. ಹೋದ ವಾರ, 8ನೇ ತಾರೀಕು ರಾತ್ರಿ, ಮಗಳು ಓದ್ತಿರೋ ಮಿಶಿಗನ್ ಯೂನಿವರ್ಸಿಟಿಯ ತಂಡ ಹ್ಯೂಸ್ಟನ್‌ನಲ್ಲಿ ವಾಷಿಂಗ್ಟನ್ ಯೂನಿವರ್ಸಿಟಿಯನ್ನ 34-13ರಲ್ಲಿ ಬಡಿದು ಕಾಲೇಜು ಫುಟ್ಬಾಲಿನ ರಾಷ್ಟ್ರೀಯ ಚಾಂಪಿಯನ್ ಆಯ್ತು. 15 ಆಟ, 15 ಗೆಲುವು. 1997ರ ನಂತರ ಇದೇ ಮೊದಲು, ಆವಾಗಲೂ ಅರ್ಧ ನೆಬ್ರಾಸ್ಕದವರ ಪಾಲಾಗಿತ್ತು. (ಮಿಕ್ಕ ಓದುಗರಿಗೆ: ಇದು ಕಾಲಲ್ಲಿ ಒದೆಯೋ ಫುಟ್ಬಾಲ್ ಅಲ್ಲ. ಸುಲಿಯದ ತೆಂಗಿನಕಾಯಿಯಂಥ ಚೆಂಡನ್ನ ಕಂಕುಳಲ್ಲಿ ಅವಚಿಕೊಂಡು ಓಡೋದು. ಅದನ್ನ ನೋಡೋಕೆ ಈ ಯೂನಿವರ್ಸಿಟಿ ಇರೋ ಆನ್ ಆರ್ಬರ್ ಅನ್ನೋ ಪುಟ್ಟ ಊರಲ್ಲಿ 1,07,601 ಜನ ಕೂರೋ ಸ್ಟೇಡಿಯಂ ಇದೆ. ಎರಡು ಚಿನ್ನಸ್ವಾಮಿ ಸೇರಿಸಿದ್ರೂ ಸಾಲಲ್ಲ.)

ರಾತ್ರಿ ಹನ್ನೆರಡೂವರೆಗೆ ಹೊರಗೆ ಬಂದು ಹಿಮದಲ್ಲಿ ಕುಣಿದೆ. ಪಕ್ಕದ ಮನೆಯವನೂ ಕುಣಿದ.

ಆ ಸುಖ ಬೆಳಗ್ಗೆ ಕಾಫಿವರೆಗೂ ಉಳೀಲಿಲ್ಲ. ಆಫೀಸಿನ ವಾಟ್ಸಾಪ್ ಗುಂಪಲ್ಲಿ ಬಂದ ಮೊದಲ ಸಂದೇಶ "ಗೆದ್ವಿ" ಅಂತಲ್ಲ, "ಇವನಿನ್ನು ಹೋಗ್ತಾನಾ?" ಅಂತ.

ಇವನು ಅಂದ್ರೆ ಕೋಚು, ಜಿಮ್ ಹಾರ್ಬಾ. ಖಾಕಿ ಪ್ಯಾಂಟು, ಟೋಪಿ, ಗೆರೆ ಪಕ್ಕ ನಿಂತು ಕೂಗಾಟ. ಫೋಟೋ ಕಳಿಸಿದಾಗ ನೀನು "ಯಾವ ಡಿಪೋ?" ಅಂತ ಕೇಳಿದ್ದೆಯಲ್ಲ, ಅವನೇ. ಅವರಪ್ಪ ಇದೇ ಕಾಲೇಜಲ್ಲಿ ಸಹಾಯಕ ಕೋಚ್ ಆಗಿದ್ರು, ಇವನು ಆನ್ ಆರ್ಬರ್ ಬೀದಿಗಳಲ್ಲೇ ಬೆಳೆದ. ಎಂಬತ್ತರ ದಶಕದಲ್ಲಿ ಇಲ್ಲೇ ಕ್ವಾರ್ಟರ್‌ಬ್ಯಾಕ್, ಅಂದ್ರೆ ಚೆಂಡೆಸೆದು ಆಟ ನಡೆಸೋನಾಗಿ, ಆಡ್ದ. ಆಮೇಲೆ ದುಡ್ಡಿಗೆ ಆಡೋ ದೊಡ್ಡ ಲೀಗ್ ಎನ್‌ಎಫ್‌ಎಲ್‌ಗೆ ಹೋಗಿ ಆಟಗಾರನಾಗಿ ವರ್ಷಗಟ್ಟಲೆ ಸವೆದ, ಕೋಚ್ ಆಗಿ ಸ್ಯಾನ್ ಫ್ರಾನ್ಸಿಸ್ಕೊ ತಂಡವನ್ನ ಸೂಪರ್ ಬೌಲ್ ಅನ್ನೋ ಅದರ ಫೈನಲ್‌ವರೆಗೂ ಒಯ್ದ. ಅಲ್ಲಿ, 2013ರ ಫೆಬ್ರವರಿಯಲ್ಲಿ, ಎದುರು ತಂಡದ ಕೋಚ್ ಯಾರು ಅಂದ್ಕೊಂಡೆ? ಸ್ವಂತ ಅಣ್ಣ. 34-31ರಲ್ಲಿ ಅಣ್ಣ ಗೆದ್ದ. 2014ರ ಡಿಸೆಂಬರ್ ಕೊನೆಯಲ್ಲಿ ಇವನು ಆನ್ ಆರ್ಬರ್‌ಗೆ ವಾಪಸ್ ಬಂದಾಗ ಊರಿನವರು ಮನೆ ಮಗ ತಿರುಗಿ ಬಂದ ಹಾಗೆ ಸಂಭ್ರಮಪಟ್ರು. 2020ರಲ್ಲಿ ಎರಡು ಗೆದ್ದು ನಾಲ್ಕು ಸೋತಾಗ ಅದೇ ಊರಿನವರು "ಓಡಿಸಿ ಇವನ್ನ" ಅಂದ್ರು. ನಾನೂ ಅಂದಿದ್ದೆ, ಸುಳ್ಳು ಯಾಕೆ. ಅದರ ಮುಂದಿನ ಮೂರೂ ವರ್ಷ ನಮ್ಮ ಬದ್ಧವೈರಿ ಒಹಾಯೊ ಸ್ಟೇಟನ್ನ ಮಣ್ಣುಮುಕ್ಕಿಸಿದ. ಈಗ ಅವನು ಹೋಗಬಾರದು.

ಇವನು ಹೋಗ್ತೀನಿ ಅನ್ನೋದು ಹೊಸದಲ್ಲ. 2022ರ ಫೆಬ್ರವರಿ 2ರಂದು, ಹೊಸ ಹುಡುಗರು ಕಾಲೇಜಿಗೆ ಸೇರೋ ಕರಾರಿಗೆ ಸಹಿ ಹಾಕೋ ದಿನವೇ, ಇವನು ಎನ್‌ಎಫ್‌ಎಲ್‌ನ ಮಿನೆಸೋಟ ತಂಡದ ಇಂಟರ್‌ವ್ಯೂಗೆ ಹೋಗಿ ಕೂತಿದ್ದ. ಯೋಚನೆ ಮಾಡು, ಅಡ್ಮಿಷನ್ ದಿನ ಎಚ್‌ಒಡಿ ಬೇರೆ ಕಡೆ ಸಂದರ್ಶನಕ್ಕೆ ಹೋದ ಹಾಗೆ. ಸಂಜೆಗೆ ಅದು ಕೂಡಿಬರಲಿಲ್ಲ, ವಾಪಸ್ ಬಂದ. ಮರುವರ್ಷ ಡೆನ್ವರ್ ಜೊತೆ ಮಾತು, ಮತ್ತೆ ಉಳ್ಕೊಂಡ. ಮೊನ್ನೆ ಸೋಮವಾರ ಲಾಸ್ ಏಂಜಲೀಸ್ ಚಾರ್ಜರ್ಸ್, ನಿನ್ನೆ ಅಟ್ಲಾಂಟ. ಈ ಸಲ ಉಳಿಯೋ ಥರ ಕಾಣ್ತಿಲ್ಲ.

ಒಬ್ಬ ಎದ್ದರೆ ಸಾಲಾಗಿ ಎಲ್ಲರೂ ಏಳೋ ಆಟ ಇದು. ಹೊಸ ವರ್ಷದ ದಿನ ನಮ್ಮ ಕೈಲಿ ಸೋತ ಅಲಬಾಮದ ಕೋಚ್ ನಿಕ್ ಸೇಬನ್ ಹತ್ತನೇ ತಾರೀಕು ನಿವೃತ್ತಿ ಅಂದ. ಹನ್ನೆರಡಕ್ಕೆ ಆ ಕುರ್ಚಿಗೆ ಬಂದೋನು ಯಾರು? ನಾಲ್ಕು ದಿನದ ಹಿಂದೆ ನಮ್ಮೆದುರು ಫೈನಲ್ ಸೋತ ವಾಷಿಂಗ್ಟನ್ ಕೋಚ್. ಫೈನಲ್ ಸೋತು, ಅದೇ ವಾರ ಕೋಚನ್ನೂ ಕಳ್ಕೊಂಡ, ಆ ಯೂನಿವರ್ಸಿಟಿ ಇರೋ ಸಿಯಾಟಲ್‌ನವರ ಹೊಟ್ಟೆ ಉರಿ ನೆನೆಸಿಕೊಂಡ್ರೆ ಅಯ್ಯೋ ಅನ್ಸುತ್ತೆ. ಕೋಚ್ ಕೆಲಸ ಬಿಟ್ಟುಹೋದ್ರೆ ಆಟಗಾರರಿಗೂ ಬೇರೆ ಕಾಲೇಜಿಗೆ ಹಾರೋಕೆ ಒಂದಷ್ಟು ದಿನ ಬಾಗಿಲು ತೆಗೀತಾರೆ. ಹಾಗಾಗಿ ಒಬ್ಬ ಹೋದ ಅಂದ್ರೆ ಬರೀ ಒಬ್ಬ ಹೋಗಲ್ಲ.

ರಾತ್ರಿ ಒಂದು ಗಂಟೆಗೆ ನಾನೇನು ಮಾಡ್ತಿದ್ದೀನಿ ಗೊತ್ತಾ? ಸುತ್ತಮುತ್ತಲ ಏರ್‌ಪೋರ್ಟುಗಳಿಂದ ಯಾವ ಖಾಸಗಿ ವಿಮಾನ ಎಲ್ಲಿಗೆ ಏಳ್ತು ಅಂತ ಫೋನಲ್ಲಿ ನಕ್ಷೆ ನೋಡ್ತಿದ್ದೀನಿ. ನಾನೊಬ್ಬನೇ ಅಲ್ಲ, ಊರಿಗೆ ಊರೇ ನೋಡುತ್ತೆ. ಮಗಳು ಹಾಸ್ಟೆಲಿಂದ ಫೋನ್ ಮಾಡಿ "ಅಪ್ಪಾ, ಅದು ಅವನ ಕೆಲಸ, ಇನ್ನೊಂದು ಕೆಲಸ ಹುಡುಕ್ತಿದ್ದಾನೆ, ಅಷ್ಟೆ. ನೀನು ಮಲ್ಕೊ" ಅಂದ್ಲು.

ಯಾಕೆ ಹೋಗ್ತಾನೆ ಅನ್ನೋದು ನಿನಗೆ ಬೇಗ ಅರ್ಥ ಆಗುತ್ತೆ. ನಾವಿಬ್ಬರೂ ಪಾಠ ಹೇಳ್ತಿದ್ದ ಇಂಜಿನಿಯರಿಂಗ್ ಕಾಲೇಜಿನ ಸ್ಟಾಫ್ ರೂಮಿನ ಭಾಷೆಯಲ್ಲಿ ಹೇಳೋದಾದ್ರೆ ಅವನು ಪಾಠ ಬಿಟ್ಟು "ಇಂಡಸ್ಟ್ರಿಗೆ" ಹೋಗ್ತಿದ್ದಾನೆ. ಕಾಲೇಜಲ್ಲಿ ಕೋಚ್ ಬರೀ ಪಾಠ ಹೇಳಿದ್ರೆ ಸಾಲದು, ಹುಡುಗರನ್ನ ಹಿಡಿದು ತರೋದೂ ಅವನೇ. ಹದಿನೇಳು ವರ್ಷದ ಹುಡುಗನ ಮನೆಗೆ ಹೋಗಿ, ಅವರಮ್ಮನ ಸೋಫಾದಲ್ಲಿ ಕೂತು, ನಿಮ್ಮ ಮಗನ ಜವಾಬ್ದಾರಿ ನಂದು ಅನ್ಬೇಕು. ಇವನಂತೂ ಒಬ್ಬ ಹುಡುಗನ ಮನೆಯಲ್ಲಿ ರಾತ್ರಿ ಮಲಗೇಬಿಟ್ಟಿದ್ದ. ಈಗ ಆಟಗಾರರು ತಮ್ಮ ಹೆಸರಿನ ಮೇಲೆ ದುಡ್ಡೂ ಮಾಡಬಹುದು, ವರ್ಷಕ್ಕೊಂದು ಕಾಲೇಜೂ ಬದಲಾಯಿಸಬಹುದು, ಹಾಗಾಗಿ ಒಮ್ಮೆ ತಂದವನನ್ನೇ ಮತ್ತೆ ಮತ್ತೆ ಓಲೈಸ್ಬೇಕು. ಎನ್‌ಎಫ್‌ಎಲ್‌ನಲ್ಲಿ ಇದ್ಯಾವುದೂ ಇಲ್ಲ, ಬರೀ ಆಟ. ಮೇಲೆ ವಿಚಾರಣೆಗಳ ಕಾಟ ಬೇರೆ: ಈ ಸೀಸನ್ನಿನ ಮೊದಲ ಮೂರು ಆಟ ಕಾಲೇಜೇ ಇವನನ್ನ ಹೊರಗಿಟ್ಟಿತ್ತು, ಎದುರಾಳಿಗಳ ಸನ್ನೆ ಕದ್ದ ಪ್ರಕರಣದಲ್ಲಿ ಲೀಗಿನ ಕೊನೆ ಮೂರು ಆಟ ಬಿಗ್ ಟೆನ್ (ನಮ್ಮ ಕಾಲೇಜು ಆಡೋ ಲೀಗು) ನವರು ಹೊರಗಿಟ್ರು. ತನಗೆ ಗೊತ್ತೇ ಇರಲಿಲ್ಲ ಅಂತಾನೆ. ಇರಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಆ 34-31 ಇನ್ನೂ ಗಂಟಲಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ನನ್ನ ಅಂದಾಜು. ಅಣ್ಣನ ಮನೇಲಿ ಟ್ರೋಫಿ ಇದೆ, ಇವನ ಹತ್ರ ಇಲ್ಲ.

ಶನಿವಾರ ಆನ್ ಆರ್ಬರ್‌ನಲ್ಲಿ ವಿಜಯದ ಮೆರವಣಿಗೆ. ಕಾಲ್ಬೆರಳು ಮರಗಟ್ಟೋ ಚಳಿಯಲ್ಲಿ ನಿಂತಿದ್ದೆ. ಪಕ್ಕದಲ್ಲಿ ಎಂಟ್ಹತ್ತು ವರ್ಷದ ಹುಡುಗ ರಟ್ಟಿನ ಮೇಲೆ "ಹೋಗಬೇಡ ಜಿಮ್" ಅಂತ ಅವನ ಭಾಷೆಯಲ್ಲಿ ಬರೆದು ಎತ್ತಿ ಹಿಡ್ಕೊಂಡಿದ್ದ. ಬಸ್ಸು ಹತ್ರ ಬರೋ ಹೊತ್ತಿಗೆ ಕೈ ಸೋತು ರಟ್ಟು ತಲೆಕೆಳಗಾಗಿತ್ತು. ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯ್ತು. ಖಾಲಿ ಹೊಟ್ಟೆ ಅಂದ್ಕೊಂಡೆ. ಅದಲ್ಲ ಅಂತ ಗೊತ್ತಾಗೋಕೆ ಸೋಮವಾರದವರೆಗೆ ಕಾಯಬೇಕಾಯ್ತು.

ಸೋಮವಾರ ಇಲ್ಲಿ ಮಾರ್ಟಿನ್ ಲೂಥರ್ ಕಿಂಗ್ ದಿನದ ರಜೆ, ಅವತ್ತೇ ಸಂಕ್ರಾಂತಿ. ನೊವೈನಲ್ಲಿ ಒಬ್ಬರ ಮನೇಲಿ ಎಳ್ಳು ಬೀರೋಕೆ ಸೇರಿದ್ವಿ. ಗಂಡಸರೆಲ್ಲ ನೆಲಮಾಳಿಗೆಯಲ್ಲಿ, ಮಾತೆಲ್ಲ ಕೋಚಿಂದೇ. ನಾನು ಸಕ್ಕರೆ ಅಚ್ಚು ಕಡೀತಾ ಜೋರಾಗಿ ಭಾಷಣ ಹೊಡೀತಿದ್ದೆ: "ಹೋಗ್ಲಿ, ಬೇಡ ಅನ್ನಲ್ಲ. ಹುಡುಗರ ಮುಖ ನೋಡಿ ಒಂದು ಮಾತು ಹೇಳಿ ಹೋಗ್ಬೇಕು ತಾನೇ? ಇರ್ತೀನಿ ಇರ್ತೀನಿ ಅಂತ..." ಮೂಲೆಯಲ್ಲಿದ್ದ ಒಬ್ಬ ನಲವತ್ತರ ಆಸುಪಾಸಿನವನು ಎದ್ದು ಬಂದು "ಸರ್, ಗುರುತು ಸಿಕ್ತಾ?" ಅಂದ.

ನಲವತ್ತೇಳು ಕಣೋ. ಮೆಕ್ಯಾನಿಕಲ್, ಆರನೇ ಸೆಮಿಸ್ಟರ್, ರೋಲ್ ನಂಬರ್ ನಲವತ್ತೇಳು. ಕಿಟಕಿ ಪಕ್ಕ ಕೂತು ಆಕಳಿಸ್ತಿದ್ದವನು. ಈಗ ನನಗಿಂತ ದೊಡ್ಡ ಹುದ್ದೆ, ಬಿಡು.

2003ರ ಮಾರ್ಚು. ಹೀಟ್ ಟ್ರಾನ್ಸ್‌ಫರ್ ಪಾಠದಲ್ಲಿ ಫಿನ್ಸ್ ಮುಗಿಸಿ ಕನ್ವೆಕ್ಷನ್ನಿಗೆ ಕಾಲಿಟ್ಟಿದ್ದೆ. ಈ ಹುಡುಗನೂ ಇನ್ನಿಬ್ಬರೂ ಸ್ಟಾಫ್ ರೂಮಿನ ಬಾಗಿಲಿಗೆ ಬಂದು "ಸರ್, ನೀವು ಇಂಡಸ್ಟ್ರಿಗೆ ಹೋಗ್ತೀರಂತೆ?" ಅಂದ್ರು. "ಯಾರಪ್ಪ ಹೇಳಿದ್ದು? ಪೋರ್ಷನ್ ಬಿಟ್ಟು ಎಲ್ಲಿಗೆ ಹೋಗ್ಲಿ" ಅಂತ ನಗ್ತಾ ಅಂದೆ. ನೀನು ಪಕ್ಕದ ಮೇಜಿಂದ ತಲೆ ಎತ್ತಿ "ನಾನು ಗ್ಯಾರಂಟಿ ಕಣ್ರೋ, ಇವರು ಎಲ್ಲೂ ಹೋಗಲ್ಲ. ನಡೀರಿ ಕ್ಲಾಸಿಗೆ" ಅಂದೆ. ಹೋಗ್ತಾ ಹೋಗ್ತಾ ನಲವತ್ತೇಳು ತಿರುಗಿ "ಸರ್, ಡೇಟಾ ಬುಕ್ ಒಂದ್ನಿಮಿಷ ಕೊಡ್ತೀರಾ" ಅಂತ ಆ ಸೂತ್ರ, ಕೋಷ್ಟಕಗಳ ಪುಸ್ತಕಕ್ಕೆ ಕೈ ಚಾಚಿದ. "ಲೈಬ್ರರೀಲಿ ತಗೋ ಹೋಗು" ಅಂತ ಗದರಿದೆ. ಯಾಕಂದ್ರೆ ಆಫರ್ ಲೆಟರ್ ಆ ಡೇಟಾ ಬುಕ್ಕಿನೊಳಗೇ ಇತ್ತು, ನಾಲ್ಕು ಮಡಿಕೆ ಮಾಡಿ. ಹನ್ನೊಂದು ದಿನ ಆಗಿತ್ತು ಬಂದು. ನಿನಗೂ ಹೇಳಿರಲಿಲ್ಲ.

ಹೇಳಿದ್ದು ಹೊರಡೋಕೆ ಮೂರು ದಿನ ಇದ್ದಾಗ, ಬಸ್ ಸ್ಟ್ಯಾಂಡ್ ಎದುರಿನ ಹೋಟ್ಲಲ್ಲಿ. ನೀನು "ಒಳ್ಳೇದಾಯ್ತು ಬಿಡು" ಅಂದು ಬಿಲ್ಲನ್ನೂ ಕೊಟ್ಟೆ. ಕಾಲೇಜಿಗೆ ಏನೂ ಬಾಕಿ ಇಲ್ಲ ಅನ್ನೋ ನನ್ನ ನೋ ಡ್ಯೂ ಫಾರಂ ಹಿಡ್ಕೊಂಡು ಓಡಾಡಿದ್ದೂ ನೀನೇ.

ಅಲ್ಲಿಗೆ ಮುಗೀತು ಅಂತ 21 ವರ್ಷ ತಿಳ್ಕೊಂಡಿದ್ದೆ. ಸೋಮವಾರ ನಲವತ್ತೇಳು ಎಳ್ಳು ಬೆಲ್ಲ ಅಗೀತಾ, ನಗ್ತಾ ನಗ್ತಾನೇ ಹೇಳ್ದ: "ನಿಮ್ಮ ಮೇಲೆ ನಮಗೇನೂ ಸಿಟ್ಟಿರ್ಲಿಲ್ಲ ಸರ್. ಸಿಟ್ಟೆಲ್ಲ ಮೇಷ್ಟ್ರ ಮೇಲೆ. ನೀವು ಅವರಿಗೆ ಮೊದಲೇ ಹೇಳಿದ್ರಂತಲ್ಲ, 'ಪಾಠ ಕೆಡಬಾರದು ಅಂತ ನಾನೇ ನಿಮಗೆ ಸುಳ್ಳು ಹೇಳಿದೆ' ಅಂತ ಅವರೇ ಕ್ಲಾಸಲ್ಲಿ ಒಪ್ಕೊಂಡ್ರು. ಆ ಸೆಮಿಸ್ಟರ್ ಪೂರ್ತಿ ನಾವ್ಯಾರೂ ಅವರ ಜೊತೆ ಸರಿಯಾಗಿ ಮಾತಾಡ್ಲಿಲ್ಲ. ಆದ್ರೂ ಭಾನುವಾರ ಭಾನುವಾರ ಕರ್ಕೊಂಡು ಪೋರ್ಷನ್ ಮುಗಿಸಿದ್ರು."

ಮೇಷ್ಟ್ರೇ, ನಾನು ನಿನಗೆ ಮೊದಲು ಹೇಳಿರಲಿಲ್ಲ.

ಅಚ್ಚು ಬಾಯಲ್ಲೇ ಉಳೀತು. "ಹೌದೌದು" ಅಂದೆ ನಾನು. ಅದನ್ನೇ ಬರೆಯೋಕೆ ಎರಡು ದಿನದಿಂದ ಒದ್ದಾಡ್ತಿದ್ದೀನಿ. ಆಗಲೂ ನಿಜ ಹೇಳೋ ಅವಕಾಶ ಇತ್ತು, ಎದುರಿಗೇ ನಿಂತಿದ್ದ, "ಹೌದೌದು" ಅಂತ ಇನ್ನೊಂದು ಸಲ ನಿನ್ನ ತಲೆಗೇ ಕಟ್ಟಿದೆ. ನನ್ನನ್ನ ಉಳಿಸೋಕೆ ಹಾಗೆ ಹೇಳಿದೆಯಾ, ಅಥವಾ ಪಕ್ಕದ ಮೇಜಿನ ಗೆಳೆಯನೇ ನನಗೆ ಹೇಳಲಿಲ್ಲ ಅಂತ ಹುಡುಗರೆದುರು ಒಪ್ಕೊಳ್ಳೋಕಾಗದೆ ಹೇಳಿದೆಯಾ? ಎರಡನೇದಾದ್ರೆ ನನಗೆ ಇನ್ನೂ ಕಷ್ಟ. ಸುಳ್ಳುಗಾರ ಅನ್ನಿಸಿಕೊಳ್ಳೋದೇ ವಾಸಿ ಅಂತ ನಿನಗೆ ಅನ್ನಿಸ್ತಲ್ಲ.

ಇಲ್ಲಿ ಶೆರೋನ್ ಮೂರ್ ಅಂತ ಒಬ್ಬ ಇದ್ದಾನೆ, ಸಹಾಯಕ ಕೋಚ್. ಹಾರ್ಬಾನ ಹೊರಗಿಟ್ಟ ಕೊನೆ ಮೂರು ಆಟ ನಡೆಸಿದ್ದು ಅವನು. ಮಿಶಿಗನ್ನಿನ ಸಾವಿರನೇ ಗೆಲುವೂ ಅವನ ಕಾಲದಲ್ಲೇ ಬಂತು, ಒಹಾಯೊ ಸ್ಟೇಟನ್ನ ಸೋಲಿಸಿದ್ದೂ ಅವನೇ. ಪೆನ್ ಸ್ಟೇಟ್ ಆಟ ಗೆದ್ದ ತಕ್ಷಣ ಟೀವಿ ಮೈಕಿನ ಮುಂದೆ, ಅಲ್ಲಿಲ್ಲದ ಕೋಚನ್ನ ನೆನೆಸಿಕೊಂಡು ಗಳಗಳ ಅತ್ತ. ಅವತ್ತು ಮನೆಯಲ್ಲಿ ಕೂತು ನಾನು ನಕ್ಕಿದ್ದೆ, ಇಷ್ಟು ದೊಡ್ಡ ಗಂಡಸು ಹೀಗಾ ಅಳೋದು ಅಂತ. ಈಗ ಆ ವಿಡಿಯೊ ನೋಡೋಕೆ ಧೈರ್ಯ ಇಲ್ಲ.

ಇಷ್ಟೆಲ್ಲ ಬರೆಯೋ ಇರಾದೆ ಇರಲಿಲ್ಲ ಕಣೋ. ಫುಟ್ಬಾಲ್ ಬಗ್ಗೆ ನಾಲ್ಕು ಜೋಕು ಹೊಡೆದು, ಪ್ರಿನ್ಸಿಪಾಲರ ಮೊಲದ ಕಥೆಗೆ ತಗುಲಿಸಿ ಮುಗಿಸೋಣ ಅಂತಿದ್ದೆ. ಮೊಲ ಎಲ್ಲೋ ಓಡಿಹೋಯ್ತು. ಓದ್ತಿರೋ ಮಹನೀಯರು "ಕಣ್ಣಲ್ಲಿ ನೀರು ಬಂತು ಸರ್" ಅಂತೆಲ್ಲ ಕೆಳಗೆ ಬರೆಯೋಕೆ ಹೋಗಬೇಡಿ, ಮೇಷ್ಟ್ರು ಸ್ಕ್ರೀನ್‌ಶಾಟ್ ತೆಗೆದು ಹತ್ತು ವರ್ಷ ಆಡ್ಕೊಳ್ತಾರೆ.

ಭಾನುವಾರ ಇಲ್ಲಿ ನಮ್ಮ ಎನ್‌ಎಫ್‌ಎಲ್ ತಂಡ ಡೆಟ್ರಾಯ್ಟ್ ಲಯನ್ಸ್ ಆಟ ಇದೆ. ಮೊನ್ನೆ 32 ವರ್ಷದ ಮೇಲೆ ಮೊದಲ ಸಲ ಪ್ಲೇಆಫ್ ಆಟ ಗೆದ್ರು, ಒಂದೇ ಒಂದು ಪಾಯಿಂಟಲ್ಲಿ. ಅವರ ಕೋಚ್ ಇಂಡಸ್ಟ್ರಿಯಲ್ಲೇ ಇದ್ದಾನೆ, ಅವನಿಗೆ ಹೋಗೋಕೆ ಇನ್ನೆಲ್ಲೂ ಜಾಗ ಇಲ್ಲ. ನೆಮ್ಮದಿಯಾಗಿ ನೋಡಬಹುದು.

ಅಂದಹಾಗೆ, ಆ ಡೇಟಾ ಬುಕ್ ಇನ್ನೂ ನನ್ನ ಕಪಾಟಲ್ಲೇ ಇದೆ. ನಿನ್ನೆ ರಾತ್ರಿ ತೆಗೆದು ನೋಡಿದೆ. ಅದು ನನ್ನದಲ್ಲ, ಒಳಗೆ ಲೈಬ್ರರಿ ಸೀಲು ಇದೆ. ಅಂದ್ರೆ ನೋ ಡ್ಯೂ ಸಹಿ ಹಾಕಿಸೋಕೆ ನೀನು ಅಲ್ಲೂ ಏನೋ ಹೇಳಿರಬೇಕು, ಇಲ್ಲಾ ದುಡ್ಡು ಕಟ್ಟಿರಬೇಕು. 21 ವರ್ಷಕ್ಕೆ ದಂಡ ಎಷ್ಟಾಗುತ್ತೆ, ಲೈಬ್ರರಿಯವರನ್ನ ಕೇಳಿ ತಿಳಿಸು.

ಇಂತಿ,
ಪೋರ್ಷನ್ ಬಾಕಿ ಉಳಿಸಿಕೊಂಡವನು